ಅಕ್ಕನ ಹೆಸರಿಗೆ ಬಂದ ಮೆಸೇಜು

ಭಾನುವಾರ ಮಧ್ಯಾಹ್ನ ಅಪ್ಪನ ಮೊಬೈಲಿಗೆ ಸಮಾಜದ ವಧು-ವರ ಆ್ಯಪಿನಿಂದ ಮೆಸೇಜು ಬಂತು. ಹಿರೇಕೆರೂರಿನ ಲೋಹಿತ ಎಂಬ ವರ ನಿಮ್ಮ ಮಗಳು ಶೀಲಾಳನ್ನು ನೋಡಲು ಬಯಸಿದ್ದಾರೆ ಎಂದು ಅಪ್ಪ ಜೋರಾಗಿ ಓದಿದ. ತಂಗಿ ತನುಜಾ ಕೈಯಲ್ಲಿದ್ದ ಚಹದ ಕಪ್ಪನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಳು.

ಈ ಲೋಹಿತ ಬೇರೆ ಯಾರೂ ಅಲ್ಲ. ಶಿಗ್ಗಾಂವಿಯ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅವಳ ಪಕ್ಕದ ಕುರ್ಚಿಯ ಸಹೋದ್ಯೋಗಿ. ಅವಳು ಪಾಠ ಹೇಳುವಾಗ ಬಾಗಿಲಲ್ಲಿ ನಿಂತು ಕೇಳುವವನು, ಅವಳು ತಿರುಗಿದರೆ ಪ್ರಿಂಟರ್ ರಿಪೇರಿಗೆ ಬಂದವನಂತೆ ನಟಿಸುವವನು. ಅವಳ ಊರಾದ ದುಂಡಸಿಯ ಬಸ್ಸು ಹೊರಡುವ ತನಕ ಏನಾದರೊಂದು ನೆಪ ತೆಗೆದು ಸ್ಟ್ಯಾಂಡಿನಲ್ಲೇ ನಿಲ್ಲುವವನು. ಅದೆಲ್ಲ ತನಗಾಗಿ ಎಂದುಕೊಂಡಿದ್ದ ತನ್ನ ಬುದ್ಧಿಗೆ ಏನನ್ನಬೇಕು? ಅಕ್ಕನನ್ನು ಅವನು ಒಮ್ಮೆ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ನೋಡಿದ್ದ. ಅಷ್ಟೇ ಸಾಕಾಯಿತೇ?

"ಹುಡುಗ ಹೆಂಗ ಅದಾನ ತನು? ನಿಮ್ಮ ಕಾಲೇಜಿನಾಂವನ ಹೌದಲ್ಲ?" ಅಪ್ಪ ಕೇಳಿದ.

"ಚಲೋ ಅದಾರ," ಎಂದಳು. ಕೆಟ್ಟವನು ಎನ್ನಲು ಬಾಯಿ ಬರಲಿಲ್ಲ, ಅದೇ ಅವಳ ಕಷ್ಟ.

ಅಕ್ಕ ತಂಗಿಯ ಮುಖ ನೋಡಿದಳು. ಗುರುವಾರ ಬರಲಿ ಎಂದು ಅಪ್ಪ ಉತ್ತರ ಕಳಿಸಿಬಿಟ್ಟ.

ಸೋಮವಾರ ಲೋಹಿತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಲ್ಯಾಬಿಗೆ ಬಂದಿದ್ದ. ನಗು ಮುಚ್ಚಿಡಲು ಹೋಗಿ ಕಿವಿಯವರೆಗೂ ಕೆಂಪಾಗಿದ್ದ.

"ನಿಮ್ಮ ಅಪ್ಪಾರು ಬರಾಕ ಹೇಳ್ಯಾರ, ಗೊತ್ತಾತೇನ್ರಿ ಮೇಡಂ?"

"ಗೊತ್ತಾತು. ಇನ್ನ ಮ್ಯಾಲ ನಿಮಗ ಮಾಮಾ ಅನ್ನಬೇಕೇನು?"

"ಮಾಮಾ? ಯಾಕ್ರಿ?"

"ಅಕ್ಕನ ಗಂಡಗ ಮತ್ತೇನಂತಾರ?"

ಅವನ ನಗು ಅಲ್ಲೇ ನಿಂತಿತು. "ಅಕ್ಕನ ಮಾತ ಎಲ್ಲಿಂದ ಬಂತ್ರಿ? ಆ್ಯಪಿನಾಗ ನಾ ಒತ್ತಿದ್ದು ನಿಮ್ಮ ಫೋಟೋ. ನೇರ ಕೇಳೂದಕಿಂತ ಮನಿತನಕ ಹಿರಿಯರ ಮೂಲಕ ಬಂದ್ರ ಚಂದ ಅಂದ್ಕೊಂಡೆ."

"ಮೆಸೇಜ್ ಬಂದದ್ದು ಶೀಲಾನ ಹೆಸರಿಗೆ."

ಆ ಆ್ಯಪು ಮಾಡಿದವನು ಸ್ವತಃ ಅವನೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ತನುಜಾ ಅವನ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡು ಕೋಡು ಓದತೊಡಗಿದಳು. ದಿನಾ ಹುಡುಗರಿಗೆ ಕಲಿಸುವ ಪಾಠವೇ ಅದು, ಒಂದರೊಳಗೊಂದು ಇಟ್ಟದ್ದನ್ನು ಹಂತ ಹಂತವಾಗಿ ಬಿಚ್ಚಿ ತೆಗೆಯುವುದು. ತಾಲೂಕು, ಅದರೊಳಗೆ ಊರು, ಊರೊಳಗೆ ಮನೆ, ಮನೆಯೊಳಗೆ ಮಕ್ಕಳ ಪಟ್ಟಿ. ಕೊನೆಯ ಕಂಸದಲ್ಲಿ ಒಂದು ಸೊನ್ನೆ ಕೂತಿತ್ತು. ಕಂಪ್ಯೂಟರ್ ಸೊನ್ನೆಯಿಂದ ಎಣಿಸುತ್ತದೆ, ಹಾಗಾಗಿ ಸೊನ್ನೆ ಎಂದರೆ ಮೊದಲ ಮಗು.

"ಯಾರ ಫೋಟೋ ಒತ್ತಿದ್ರೂ ಅವರ ಮನಿಗೆ ಹೋಗಿ ಮೊದಲನೇ ಕೂಸಿನ ಹೆಸರ ತರ್ತೈತ್ರಿ ಇದು," ಎಂದಳು.

ಲೋಹಿತ ಹಣೆ ಹಿಡಿದುಕೊಂಡ. "ಟೆಸ್ಟ್ ಮಾಡುವಾಗ ನಮ್ಮ ಮನಿ ಹಾಕಿದ್ದೆ. ನಾನೊಬ್ಬನ ಮಗ. ಸೊನ್ನೆ ಹಾಕಿದ್ರ ನಾನ ಬರ್ತಿದ್ದೆ. ಮನ್ಯಾಗ ಇಬ್ಬರು ಇರ್ತಾರ ಅನ್ನೂದು ತಲಿಗೇ ಬರಲಿಲ್ಲ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ ಅವಳಿಗೆ. ಅವನು ಕೇಳಿದ್ದು ತನ್ನನ್ನೇ, ಅದಕ್ಕೆ ಎದೆ ಹಗುರವಾಯಿತು. ಮರುಕ್ಷಣವೇ ಅಕ್ಕನ ನೆನಪಾಗಿ ಭಾರವಾಯಿತು. ಅವಳೂ ಒಂದಿಷ್ಟು ಆಸೆ ಇಟ್ಟುಕೊಂಡಿದ್ದರೆ? ಅವಳ ಮನಸ್ಸು ಮುರಿದು ತಾನು ಸುಖವಾಗಿರುವುದು ಹೇಗೆ?

"ಮೇಡಂ, ನಿಮ್ಮನ್ನ ಬಾಯಿಬಿಟ್ಟು ಕೇಳೇ ಇಲ್ಲ ನಾ. ನನ್ನ ಮದುವಿ ಆಗ್ತೀರೇನು?"

"ಮೊದಲ ಅಕ್ಕನ ಜೋಡಿ ಮಾತಾಡ್ರಿ."

ಅವಳೇ ನಂಬರು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಅವನ ಮುಂದಿಟ್ಟಳು. ತಪ್ಪೆಲ್ಲ ತನ್ನದೇ ಎಂದು ಲೋಹಿತ ತಡವರಿಸುತ್ತ ಹೇಳಿದ.

"ಗುರುವಾರ ನಾನ ಒಲ್ಲೆ ಅನ್ನಾಕಿ ಇದ್ದೆ ಬಿಡ್ರಿ," ಎಂದಿತು ಅಕ್ಕನ ದನಿ. "ನಿಮ್ಮ ಹೆಸರು ಕೇಳಿದಾಗಿಂದ ನಮ್ಮ ಹುಡುಗಿ ಒಂದ ತುತ್ತು ಉಂಡಿಲ್ಲ. ನನಗ ತಿಳಿಯೂದಿಲ್ಲೇನು? ಮೊದಲ ಅಕಿನ್ನ ಕರ್ಕೊಂಡ ಹೋಗಿ ಉಣಸ್ರಿ."

ಫೋನು ಕಟ್ಟಾಯಿತು. ಲೋಹಿತ ತಲೆ ಎತ್ತಿ ತನುಜಾಳನ್ನು ನೋಡಿದ. ಮುಚ್ಚಿಡಲು ಅವಳ ಹತ್ತಿರ ಇನ್ನೇನೂ ಉಳಿದಿರಲಿಲ್ಲ. ಕಣ್ಣು ತುಂಬಿ ಬಂದಿತ್ತು.

"ಆಗ್ತೀನ್ರಿ," ಎಂದಳು. "ಭಾಳ ಹಸಿವಾಗೈತಿ."