ಪೇನ ಅಂದರೆ ಏನು

ಎದುರು ಕ್ಷೌರದಂಗಡಿಯ ಆರ್ಲೇ ದಿನಾ ಮಧ್ಯಾಹ್ನ ಯಸ್ನಾಳ ಅಂಗಡಿಗೆ ಬಂದು ಎಂಪನಾದ ಎಂಬ ಬಿಸಿ ಕರಿಗಡುಬು ತಿನ್ನುತ್ತಿದ್ದ. ಅವಳು ಬಾಣಲೆಯ ಕಡೆ ತಿರುಗಿದಾಗ ಮಾತ್ರ ಅವಳನ್ನು ನೋಡುತ್ತಿದ್ದ. ಅದು ಗೊತ್ತಿದ್ದೇ ಅವಳು ಆಗಾಗ ಬಾಣಲೆಯ ಕಡೆ ತಿರುಗುತ್ತಿದ್ದಳು.

ಒಂದು ದಿನ ಅವನು ಕೇಳದೆಯೇ ತಟ್ಟೆಗೆ ಇನ್ನೊಂದು ಹಾಕಿದಳು. ಅವನು ತಲೆ ತಗ್ಗಿಸಿ, "ನಿಮ್ಮನ್ನ ನೋಡಿದ್ರೆ ನಂಗೆ ಪೇನ ಆಗುತ್ತೆ" ಅಂದ.

ಇಬ್ಬರದೂ ಸ್ಪ್ಯಾನಿಷ್ಷೇ. ಆದರೆ ಅವನು ಕೊಲಂಬಿಯಾದವನು. ಅವಳ ಊರಾದ ಈ ವಾಲ್ಪರೈಸೊದಲ್ಲಿ, ಚಿಲಿ ದೇಶದಲ್ಲಿ, ಪೇನ ಅಂದರೆ ಮರುಕ. ಮದುವೆ ಹತ್ತಿರ ಬಂದಾಗ ಹುಡುಗ ಕೈಕೊಟ್ಟು ಹೋದ ಮೇಲೆ, ಅವಳ ಮನೆಯಿರುವ ಗುಡ್ಡದ ಜನರೆಲ್ಲ ಅವಳಿಗೆ ಹೊಟ್ಟೆ ತುಂಬ ಬಡಿಸಿದ್ದು ಅದನ್ನೇ.

ಯಸ್ನಾ ತಟ್ಟೆ ಕಿತ್ತುಕೊಂಡಳು. "ಏಳು. ಇನ್ನು ಈ ಕಡೆ ತಲೆ ಹಾಕಬೇಡ."

ಅವನು ನಿಜಕ್ಕೂ ತಲೆ ಹಾಕಲಿಲ್ಲ. ಅದಕ್ಕೆ ಅವಳ ಸಿಟ್ಟು ಇನ್ನಷ್ಟು ಏರಿತು. ಶುಕ್ರವಾರ ಹಿಟ್ಟಿನ ಕೈಯಲ್ಲೇ ಬೀದಿ ದಾಟಿ ಅವನ ಅಂಗಡಿಗೆ ನುಗ್ಗಿದಳು.

ಆರ್ಲೇ ಬೋಳುತಲೆಯ ಮೀನು ವ್ಯಾಪಾರಿಯೊಬ್ಬನ ಮೀಸೆ ಕತ್ತರಿಸುತ್ತಿದ್ದ. "ಪೇನ ಆಗ್ತಿದೆ ಸಾರ್, ಮುಖ ಸ್ವಲ್ಪ ಮೇಲೆತ್ತಿ."

"ಇವರ ಮೇಲೂ ಮರುಕನಾ?" ಯಸ್ನಾ ಸಿಡಿದಳು. "ಇವರನ್ನ ಯಾರು ಬಿಟ್ಟು ಹೋದ್ರು?"

"ನನ್ನ ಕೂದಲು, ಕಣಮ್ಮ" ಅಂದ ಮೀನು ವ್ಯಾಪಾರಿ.

ಆರ್ಲೇ ಕಕ್ಕಾಬಿಕ್ಕಿಯಾದ. "ಮರುಕನಾ? ನಮ್ಮೂರಲ್ಲಿ ಪೇನ ಅಂದ್ರೆ ಸಂಕೋಚ. ನಾಚಿಕೆ."

"ನನ್ನ ಮುಂದೆ ನಿಂಗೇನು ನಾಚಿಕೆ?"

"ನಾನು ದಿನಾ ಬರ್ತಿದ್ದಿದ್ದು ಹಸಿವಾಗಿ ಅಲ್ಲ."

ಅವಳ ಸಿಟ್ಟು ಇಳಿಯಲಿಲ್ಲ, ದಾರಿ ಬದಲಿಸಿತು ಅಷ್ಟೇ. "ಅದನ್ನ ಅವತ್ತೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ಈಗ ಹೇಳ್ತೀನಿ. ನನ್ನ ನೋವಿಯಾ ಆಗ್ತೀರಾ?"

ಯಸ್ನಾಳ ಮುಖ ಬೆಂಕಿಯಾಯಿತು. "ಒಂದಿನ ಜೊತೆಗೆ ಸಮುದ್ರದ ಕಡೆ ನಡೆದಿಲ್ಲ, ನೇರವಾಗಿ ಮದುವೆ ನಿಶ್ಚಯನಾ? ನನ್ನ ಏನಂದ್ಕೊಂಡಿದೀಯ?"

"ನಿಶ್ಚಯ ಯಾಕೆ? ನಮ್ಮಲ್ಲಿ ನೋವಿಯಾ ಅಂದ್ರೆ ಪ್ರೀತಿಸೋ ಹುಡುಗಿ, ಅಷ್ಟೇ."

"ಇಲ್ಲಿ ಉಂಗುರ ಹಾಕಿಸಿಕೊಂಡವಳು, ತಮ್ಮ" ಅಂದ ಮೀನು ವ್ಯಾಪಾರಿ, ಅರ್ಧ ಮೀಸೆಯಲ್ಲೇ.

ಆರ್ಲೇ ಕತ್ತರಿ ಕೆಳಗಿಟ್ಟ. ಮೊದಲ ಸಲ ಅವಳ ಕಣ್ಣನ್ನು ನೇರವಾಗಿ ನೋಡಿದ.

"ಹಾಗಾದ್ರೆ ಇಲ್ಲಿನ ಅರ್ಥಾನೇ ಇಟ್ಕೊಳ್ಳಿ."

ಯಸ್ನಾ ಹಿಟ್ಟಿನ ಕೈಯನ್ನು ಏಪ್ರನ್‌ಗೆ ಒರೆಸಿದಳು, ಮತ್ತೆ ಒರೆಸಿದಳು.

"ಭಾನುವಾರ ಸಮುದ್ರದ ಹತ್ತಿರ ಬಾ" ಅಂದಳು ಕೊನೆಗೆ. "ನಿನ್ನ ಬೈಯೋದು ಇನ್ನೂ ಮುಗಿದಿಲ್ಲ."