ಎಲೆ ಉದುರುವ ತನಕ

“ಈ ಮರಕ್ಕೆ ಟಾರು ಬಳಿದ ಮಹಾನುಭಾವರು ಯಾರು?”

ಕ್ಲಿನಿಕ್ಕಿನ ಬೀಗ ತೆಗೆಯುತ್ತಿದ್ದವಳ ಕೈ ಹಾಗೇ ನಿಂತಿತು. ಅಂಗಳದ ಹಿಪ್ಪುನೇರಳೆ ಮರದ ಬುಡದಲ್ಲಿ ಯಾರೋ ಅಪರಿಚಿತ. ತಲೆಗೆ ಹೆಲ್ಮೆಟ್, ಸೊಂಟಕ್ಕೆ ಹಗ್ಗ, ಕೈಯಲ್ಲೊಂದು ಮರದ ಸುತ್ತಿಗೆ.

“ನಾನೇ ಬಳಿದಿದ್ದು. ಕಡಿಸಿದ ಜಾಗ ಕೊಳೀಬಾರದು ಅಂತ. ಕೇಳೋಕೆ ನೀವ್ಯಾರು?”

“ಮರ ನೋಡೋನು. ನಿಮ್ಮ ಸೋದರತ್ತೆಯವರು ಕರೆಸಿದ್ದು.” ಅವನು ಕಪ್ಪು ಪದರವನ್ನು ಹೆಬ್ಬೆರಳಿನಿಂದ ಒತ್ತಿದ. ಒಳಗಿನಿಂದ ಕೊಳೆತ ನೀರು ಜಿನುಗಿತು. “ನೋಡಿ. ಗಾಯಾನ ಮರ ತಾನೇ ಮುಚ್ಚಿಕೊಳ್ಳುತ್ತೆ. ನೀವು ಒಳಗೆ ನೀರು ಕೂಡಿಹಾಕಿ ಮೇಲೆ ಮುಚ್ಚಳ ಹಾಕಿದೀರ. ಪ್ರೀತಿಯಿಂದಲೇ ಕೊಲ್ತಾ ಇದೀರ.”

ಕೊಲ್ತಾ ಇದ್ದೀನಾ... ನಾನು?

ಅವಳ ಮೈಯೆಲ್ಲ ಉರಿದುಹೋಯಿತು. ಲಕ್ವ ಹೊಡೆದ ಅಪ್ಪ ಮತ್ತೆ ನಡೆಯಲು ಕಲಿತದ್ದು ಇದೇ ಕಾಂಡ ಹಿಡಿದು, ಇದರ ಸುತ್ತ ಒಂದೊಂದೇ ಹೆಜ್ಜೆ ಇಟ್ಟು. ಅದನ್ನು ನೋಡಿಯೇ ಅವಳು ಫಿಸಿಯೋಥೆರಪಿ ಓದಿದ್ದು. ಅಪ್ಪ ಹೋಗಿ ಆರು ವರ್ಷವಾದರೂ ಅವಳ ರೋಗಿಗಳು ಇಂದಿಗೂ ಈ ಮರಕ್ಕೇ ಸುತ್ತು ಹಾಕುತ್ತಾರೆ. ಹಿಂದಿನಿಂದ ಅವಳನ್ನು ‘ಹೆಡ್‌ಮಿಸ್’ ಎಂದು ಕರೆಯುತ್ತಾರೆ, ಅದು ಬೇರೆ ಮಾತು.

ಕಳೆದ ವಾರ ಒಂದು ಒಣ ಕೊಂಬೆ ಬಿದ್ದು ಶೆಡ್ಡಿನ ಶೀಟು ಒಡೆದಿತ್ತು. ಮೂರನೇ ದಿನಕ್ಕೇ ನಗರ ಕಚೇರಿಯಿಂದ ನೋಟಿಸು: ಹದಿನೈದು ದಿನದೊಳಗೆ ಮರ ಸುರಕ್ಷಿತವೆಂದು ತಜ್ಞರಿಂದ ಬರೆಸಿಕೊಡಿ, ಇಲ್ಲವಾದರೆ ನಾವೇ ಬುಡಸಮೇತ ಕಡಿಯುತ್ತೇವೆ.

“ಪರವಾನಗಿ ಇದೆಯಾ ನಿಮಗೆ? ವಿಮೆ?” ಅವಳು ಕೈ ಚಾಚಿದಳು.

ಅವನು ಚೀಲದಿಂದ ಎರಡೂ ಕಾಗದ ತೆಗೆದು ಅಂಗೈ ಮೇಲಿಟ್ಟ. “ಹೋದ ವರ್ಷ ಮರದ ತಲೆ ಕತ್ತರಿಸಿ ಹೋದನಲ್ಲ, ಅವನನ್ನೂ ಹೀಗೇ ಕೇಳಿದ್ರಾ?”

ಕೇಳಿರಲಿಲ್ಲ. ಆ ತಲೆ ಕತ್ತರಿಸಿದವನು ಏಣಿ ಇಟ್ಟುಕೊಂಡು ಗೋಡೆಗೆ ಸುಣ್ಣ ಬಳಿಯುವವನು. ಅವಳು ಕಾಗದಗಳನ್ನು ಹಿಂದಿರುಗಿಸಿದಳು.

ಬಾಗಿಲಲ್ಲಿ ನಿಂತಿದ್ದ ಅತ್ತೆ, ಅವಳ ಅಪ್ಪನ ಅಕ್ಕ, ಸೆರಗಿನ ಮರೆಯಲ್ಲಿ ನಕ್ಕರು. “ಇವನೂ ನಿನ್ನ ಹಾಗೇ ಮಾತಾಡ್ತಾನಲ್ಲೇ.”

ಮರದವನು ಸುತ್ತಿಗೆಯಿಂದ ಕಾಂಡವನ್ನೆಲ್ಲ ತಟ್ಟಿ, ಕಿವಿಯಿಟ್ಟು ಕೇಳಿ, ಕೊನೆಗೆ ಹೇಳಿದ. “ಸತ್ತ ಕೊಂಬೆ ಯಾವಾಗ ತೆಗೆದರೂ ತೊಂದರೆಯಿಲ್ಲ, ಇವತ್ತೇ ತೆಗೀತೀನಿ. ಗೇಟಿನ ಮೇಲಿರೋ ದೊಡ್ಡದು ಜೀವ ಇರೋದು. ಈ ಜಾತಿ ಮರಾನ ಎಲೆ ಇರುವಾಗ ಕೊಯ್ದರೆ ಹಾಲು ಸುರಿದು ಸೊರಗುತ್ತೆ. ಎಲೆ ಉದುರಲಿ. ಆರು ವಾರ.”

“ನೋಟಿಸಿನಲ್ಲಿರೋದು ಹದಿನೈದು ದಿನ. ಓದೋಕೆ ಬರುತ್ತೆ ತಾನೇ?”

“ನೋಟಿಸು ಬರೆದವರಿಗೆ ಮರ ಗೊತ್ತಿಲ್ಲ. ನಿಮಗೂ ಅಷ್ಟೇ.”

ಆ ಬೆಳಿಗ್ಗೆ ಅವನು ಹಗ್ಗದಲ್ಲಿ ನೇತಾಡಿಕೊಂಡು ಒಣ ಕೊಂಬೆ ಇಳಿಸುತ್ತಿದ್ದರೆ, ಅವಳು ಕೆಳಗೆ ಮಂಡಿ ನೋವಿನ ಅಜ್ಜನೊಬ್ಬರಿಂದ ಹಟಕ್ಕೆ ಬಿದ್ದು ಸುತ್ತು ಹಾಕಿಸುತ್ತಿದ್ದಳು. ಒಂದೆರಡು ಸಲ ತಲೆಯೆತ್ತಿ ನೋಡಿದ್ದೂ ಉಂಟು. ಕೊಬ್ಬು ನೋಡು ಅವನಿಗೆ... ಆದರೆ ಕೆಲಸ ಎಷ್ಟು ನಾಜೂಕು! ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಡಿಮಿಡಿಗೊಂಡು, ಅಜ್ಜನಿಗೆ ಇನ್ನೊಂದು ಸುತ್ತು ಹೆಚ್ಚಿಗೆ ಹೇಳಿದಳು. ಪಾಪ, ಅಜ್ಜ.

ಐದು ದಿನ ಕಳೆದು ಕಚೇರಿಗೆ ಫೋನ್ ಮಾಡಿದಾಗ ಗುಮಾಸ್ತ ಹೇಳಿದ. “ನಿಮ್ಮ ಮರದವರು ವರದಿ ಕೊಟ್ಟಿದಾರೆ ಮೇಡಂ. ಗೇಟಿನ ಕೊಂಬೆ ಅಪಾಯಕಾರಿ ಅಂತ ಬರೆದಿದಾರೆ. ಆದೇಶ ಅಂಚೇಲಿ ಬರುತ್ತೆ.”

ಸುರಕ್ಷಿತ ಎಂದು ಬರೆಯಲು ಕರೆಸಿದವನು ಅಪಾಯಕಾರಿ ಎಂದು ಬರೆದನೇ? ಬೆನ್ನ ಹಿಂದೆ?

ತಕ್ಷಣ ಅವನಿಗೆ ಫೋನ್ ಮಾಡಿದಳು. “ನಂಬಿಸಿ ಕತ್ತು ಕೊಯ್ದ್ರಲ್ಲ. ಇನ್ನು ಈ ಅಂಗಳಕ್ಕೆ ಕಾಲಿಡಬೇಡಿ.”

“ಒಂದು ನಿಮಿಷ, ನಾನು ಬರೆದಿರೋದು...”

ಅವಳು ಕರೆ ಕತ್ತರಿಸಿದಳು.

ಮರುದಿನವೇ ಹೋದ ವರ್ಷದ ಏಣಿಯವನನ್ನು ಕರೆಸಿದಳು. ಅಪಾಯದ ಕೊಂಬೆಯೇ ಇಲ್ಲದಿದ್ದರೆ ಮರ ಕಡಿಯಲು ಅವರಿಗೆ ನೆಪವೆಲ್ಲಿರುತ್ತದೆ? ಲೆಕ್ಕಾಚಾರ ಸರಿಯಾಗಿಯೇ ಇತ್ತು. ಗರಗಸ ನಾಲ್ಕು ಬೆರಳು ಇಳಿಯುವವರೆಗೆ.

ಕೊಯ್ದ ಸೀಳಿನಿಂದ ಬಿಳಿ ಹಾಲು ಒಸರಿತು. ಒಸರಿ, ತೊಗಟೆಯ ಮೇಲೆ ಇಳಿದು, ಏಣಿಯ ಮೆಟ್ಟಿಲಿನಿಂದ ತೊಟ್ಟಿಕ್ಕತೊಡಗಿತು. ಮರದವನು ಹೇಳಿದ್ದು ನಿಜ...

“ನಿಲ್ಲಿಸಿ. ಇಳಿಯಿರಿ ಕೆಳಗೆ.”

“ಅರ್ಧಕ್ಕೆ ಬಿಟ್ರೆ ಮುರಿದು ಬೀಳುತ್ತೆ ಮೇಡಂ.”

“ಇಳೀರಿ ಅಂದೆ.”

ಅವನು ಗೊಣಗುತ್ತ ಏಣಿ ಹೊತ್ತುಕೊಂಡು ಹೋದ. ಸ್ವಲ್ಪ ಹೊತ್ತಿಗೆ ಕೊಂಬೆ ಲಟಲಟ ಅಂದಿತು. ಅವಳು ರೋಗಿಗಳನ್ನೆಲ್ಲ ಹಿಂಬಾಗಿಲಿನಿಂದ ಕಳಿಸಿ, ಮರದವನ ನಂಬರು ಒತ್ತಿದಳು.

“ನಾನು... ತಪ್ಪು ಮಾಡಿಬಿಟ್ಟೆ. ಬರ್ತೀರಾ?”

ಇಪ್ಪತ್ತೇ ನಿಮಿಷದಲ್ಲಿ ಬಂದ. ಅವಳ ಕಡೆ ತಿರುಗಿಯೂ ನೋಡಲಿಲ್ಲ. ಕೊಂಬೆಗೆ ಹಗ್ಗ ಬಿಗಿದ, ತುದಿಯ ಭಾರ ಇಳಿಸಿದ, ಕೆಳಗೆ ಕಂಬದ ಆಸರೆ ಕೊಟ್ಟ. ಇಳಿದು ಬಂದಾಗ ಮುಖ ಕೆಂಡವಾಗಿತ್ತು.

“ರೋಗಿಗಳ ಮೈಮೂಳೆ ವಿಷಯದಲ್ಲೂ ಹೀಗೇನಾ ನೀವು? ಸಿಟ್ಟು ಬಂತು, ಕೊಯ್ದು ಹಾಕು ಅಂತ?”

ಅಷ್ಟರಲ್ಲಿ ಅತ್ತೆ ಅಂಚೆಯ ಲಕೋಟೆ ಹಿಡಿದು ಬಂದರು. “ಕಚೇರಿಯದು. ಬೆಳಿಗ್ಗೆಯೇ ಬಂದಿದೆ, ಓದೋ ವ್ಯವಧಾನ ಯಾರಿಗಿತ್ತು?”

ಅವಳು ಓದಿದಳು. ಗೇಟಿನ ಕೊಂಬೆ ಅಪಾಯಕಾರಿ, ಆದರೆ ಮರ ಗಟ್ಟಿಮುಟ್ಟಾಗಿದೆ. ಎಲೆ ಉದುರುವ ತನಕ ಕಡಿಯಕೂಡದು. ಅಲ್ಲಿಯವರೆಗೆ ಹೊಣೆ ಈ ವರದಿ ಬರೆದವನದು. ಯಾರಿಗಾದರೂ ಏಟಾದಲ್ಲಿ ಅವನ ಪರವಾನಗಿ ರದ್ದು. ಕೆಳಗೆ ಅವನ ಸಹಿ. ಅದರ ಪಕ್ಕದಲ್ಲಿ, ವರದಿ ಒಪ್ಪಿ ಗಡುವು ಮುಂದೂಡಿದ ಕಚೇರಿಯ ಮೊಹರು.

ಅವನ ಅನ್ನಕ್ಕೇ ಗರಗಸ ಹಾಕಿಸಿದೆನಲ್ಲ...

“ಯಾಕೆ ಹೀಗೆ ಬರೆದುಕೊಟ್ರಿ? ನಿಮಗೆ ನಾವ್ಯಾರು?”

“ಈಗ ನಿಮ್ಮ ಜೊತೆ ಮಾತಾಡೋ ಸ್ಥಿತೀಲಿ ಇಲ್ಲ ನಾನು,” ಎಂದು ಅವನು ಹಗ್ಗ ಸುತ್ತಿಕೊಂಡು ಹೊರಟೇಬಿಟ್ಟ.

ಆಮೇಲಿನ ಐದು ವಾರ ಎಣ್ಣೆ ಸೀಗೆಕಾಯಿಯ ಸಂಬಂಧ. ಪ್ರತಿ ಸೋಮವಾರ ಬಂದು ಹಗ್ಗ, ಆಸರೆ ನೋಡಿ, ಅತ್ತೆಗೆ ನಮಸ್ಕಾರ ಹೇಳಿ ಹೋಗುತ್ತಿದ್ದ. ಅವಳು ಕಿಟಕಿಯಿಂದ ನೋಡುತ್ತಿದ್ದಳು. ಕ್ಷಮಾಪಣೆಯ ಮಾತು ನಾಲಿಗೆಯ ತುದಿಯವರೆಗೆ ಬಂದು ವಾಪಸ್ಸು ಹೋಗುತ್ತಿತ್ತು. ಅಭಿಮಾನವೋ, ನಾಚಿಕೆಯೋ... ಭಾನುವಾರ ರಾತ್ರಿಯೆಲ್ಲ ನಿದ್ದೆ ಬಾರದಿರುವುದು ಮಾತ್ರ ಯಾಕೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಕೊನೆಗೂ ಎಲೆಗಳು ಹಳದಿಯಾಗಿ ಉದುರಿದವು. ಅವನು ಬಂದ. ಗೇಟಿನ ಕೊಂಬೆಯನ್ನು ಮೂರು ಕೊಯ್ತದಲ್ಲಿ ತೆಗೆದ. ಒಂದು ಹನಿ ಹಾಲೂ ಬರಲಿಲ್ಲ. ಕಚೇರಿಯವರು ಬಂದು, ನೋಡಿ, ನೋಟಿಸು ಹಿಂದಕ್ಕೆ ಪಡೆದು ಹೋದರು. ಮರ ಉಳಿಯಿತು.

ಅವನು ಹೆಲ್ಮೆಟ್ ತೆಗೆಯುವಾಗ ಅವಳು ಎದುರು ಬಂದು ನಿಂತಳು.

“ನಿಮ್ಮ ಮಾತು ಕೇಳಿಸಿಕೊಳ್ಳದೆ ಫೋನ್ ಇಟ್ಟೆ. ನಿಮ್ಮ ಹೊಟ್ಟೆಪಾಡಿಗೇ ಕುತ್ತು ತಂದೆ. ಕ್ಷಮಿಸಿ ಅನ್ನೋಕೆ ಐದು ವಾರ ಹಿಡೀತು.”

“ನಾನೂ ಮೊದಲ ದಿನವೇ ಕೊಲ್ತಾ ಇದೀರ ಅಂದೆ. ಅದೇನು ಮಾತು?” ಅವನು ಹೆಲ್ಮೆಟ್ಟಿನ ಪಟ್ಟಿ ಎಳೆಯುತ್ತ ನಿಂತ. “ಯಾಕೆ ಬರೆದುಕೊಟ್ರಿ ಅಂತ ಕೇಳಿದ್ರಿ. ಅವತ್ತು ಮೇಲಿನಿಂದ ನೋಡ್ತಾ ಇದ್ದೆ. ಆ ಅಜ್ಜ ಮೂರು ಸಲ ಆಗಲ್ಲ ಅಂತ ಕೂತರು. ನೀವು ಬೈದ್ರಿ, ಆದರೆ ಕೈ ಬಿಡಲಿಲ್ಲ. ಇಂಥವಳು ಜೊತೆಗಿದ್ರೆ... ಅನ್ನಿಸಿತು. ಆಮೇಲೆ ಜಗಳ ಆಡಿದ್ದೆಲ್ಲ ನಿಮ್ಮ ಜೊತೆ ಅಲ್ಲ, ನನ್ನ ಜೊತೆ ನಾನೇ.”

ಅವಳ ಕಣ್ಣು ತುಂಬಿಬಂತು. ಹೆಡ್‌ಮಿಸ್ ಮುಂಗೈಯಿಂದ ಕಣ್ಣೊರೆಸಿಕೊಂಡಳು, ರೋಗಿಗಳು ನೋಡಬೇಕಿತ್ತು.

“ಮತ್ತೆ ಯಾವಾಗ ಬರ್ತೀರಿ?” ಎಂದಳು.

“ಮೂರು ವರ್ಷ ಬಿಟ್ಟು ಸವರಿದರೆ ಸಾಕು.”

“ನಾನು ಮರಕ್ಕೋಸ್ಕರ ಕೇಳಲಿಲ್ಲ.”

ಅವನು ಮೊದಲ ಸಲ ನಕ್ಕ. “ಹಾಗಾದ್ರೆ... ನಾಳೆ?”

“ಎಂಟಕ್ಕೆ ರೋಗಿಗಳು ಬರ್ತಾರೆ,” ಎಂದಳು ಅವಳು. “ಏಳಕ್ಕೆ ಬನ್ನಿ.”