ಟ್ರೈನಿನಲ್ಲಿ ನೀರು ಕುಡಿಯದವಳು

ಅವನನ್ನು ಮೊದಲ ಸಲ ನೋಡಿದಾಗ ಅವನು ನಾಲಿಗೆಗೆ ಬೆರಳು ತಾಗಿಸಿ ಹಾಳೆ ತಿರುವುತ್ತಿದ್ದ. ಒಂದು ಹಾಳೆ, ನಾಲಿಗೆ. ಇನ್ನೊಂದು ಹಾಳೆ, ಮತ್ತೆ ನಾಲಿಗೆ. ಆಮೇಲೆ ಅದೇ ಹಾಳೆಗಳನ್ನು ನಮಗೆಲ್ಲ ಹಂಚಿದ. ಛೀ! ನನ್ನ ಪಾಲಿನದನ್ನು ಎರಡು ಉಗುರುಗಳ ನಡುವೆ ಹಿಡಿದುಕೊಂಡು ಕೂತೆ.

ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಮೂತ್ರ ಪರೀಕ್ಷೆ ಮಾಡುವವಳು ನಾನು. ಅದರಿಂದ ನನಗೆ ಯಾವತ್ತೂ ಹೇಸಿಗೆಯಾಗಿಲ್ಲ. ನನಗೆ ಹೇಸಿಗೆಯಾಗುವುದು ಮನುಷ್ಯರನ್ನು ಕಂಡರೆ. "ಮುರಿದೂ ಮುರಿದೂ ನಿನ್ನ ಮೂಗು ಸೊಟ್ಟಗಾಗಿದೆ, ಇನ್ನು ನಿನಗೆ ಗಂಡು ಹುಡುಕೋದು ಹೇಗೆ ಮಾರಾಯ್ತಿ?" ಎಂದು ಅತ್ತಿಗೆ ಆಗಾಗ ನಗುತ್ತಾಳೆ.

ನಿಂತುಹೋಗಿದ್ದ ಪ್ಯಾಸೆಂಜರ್ ಟ್ರೈನನ್ನು ಮತ್ತೆ ಓಡಿಸುವ ಯೋಜನೆಯ ಸಭೆ ಅದು. ಹಳೆಯ ಸ್ಟೇಷನ್ನಿನ ವೇಟಿಂಗ್ ರೂಮಿನ ಬೆಂಚುಗಳ ಮೇಲೆ ಪಾರಿವಾಳಗಳು ವರ್ಷಗಟ್ಟಲೆ ಹಿಕ್ಕೆ ಹಾಕಿದ್ದವು. ಅದರ ಮೇಲೆಯೇ ಬಟ್ಟೆ ಹಾಸಿ ನಮ್ಮನ್ನು ಕೂರಿಸಿದ್ದರು. ಟೀ ಕಪ್ಪಿನ ಅಂಚಿನಲ್ಲಿ ಯಾರದೋ ತುಟಿಯ ಗುರುತು. ಪ್ರಯಾಣಿಕರ ಪರವಾಗಿ ಅತ್ತಿಗೆ ಮತ್ತು ನಾನು. ಎದುರಿಗೆ ರೈಲ್ವೆಯ ದೊಡ್ಡ ಸಾಹೇಬರು, ಅವರ ಪಕ್ಕದಲ್ಲಿ ವೇಳಾಪಟ್ಟಿ ಮಾಡುವ ಇವನು.

"ದಿನಕ್ಕೆ ಮೂರು ಟ್ರಿಪ್," ಎನ್ನುತ್ತಾ ಬಿಸ್ಕತ್ತನ್ನು ಟೀಯಲ್ಲಿ ಅದ್ದಿದ. ಅದು ಮುರಿದು ಮುಳುಗಿತು. ಪೆನ್ನಿನ ಹಿಂಬದಿಯಿಂದ ಎತ್ತಿ ತಿಂದ. ನನ್ನ ಕಪ್ಪನ್ನು ದೂರ ಸರಿಸಿದೆ. ಆದರೂ ಕಣ್ಣು ಬೇರೆ ಕಡೆ ಹೋಗಲೊಲ್ಲದು.

"ಟಾಯ್ಲೆಟ್?" ಎಂದೆ.

"ಎರಡು ಗಂಟೆ ಪ್ರಯಾಣ ಅಷ್ಟೇ ಮೇಡಂ. ಟಾಯ್ಲೆಟ್ಟಿಗೆ ಬೀಗ ಹಾಕ್ತೀವಿ. ಇಲ್ಲಾಂದ್ರೆ ತೊಳೆಯೋಕೆ, ನೀರು ತುಂಬ್ಸೋಕೆ ಅಂತ ಕೊನೇ ಸ್ಟೇಷನ್‌ನಲ್ಲಿ ಗಾಡಿ ನಿಲ್ಲಿಸ್ಬೇಕು. ಒಂದು ಟ್ರಿಪ್ಪೇ ಹೋಗುತ್ತೆ."

"ಎರಡು ಗಂಟೆ ತಡ್ಕೊಳ್ಳೋಕಾಗಲ್ವೇನಮ್ಮಾ?" ಎಂದು ದೊಡ್ಡ ಸಾಹೇಬರು ನಕ್ಕರು. ಅವರು ನಕ್ಕರೆಂದು ಉಳಿದವರೂ ನಕ್ಕರು. ಇವನು ನಗಲಿಲ್ಲ, ಆದರೆ ಏನೂ ಕೇಳಿಸದವನಂತೆ ಇನ್ನೊಂದು ಹಾಳೆ ತಿರುವಿದ. ನನಗೆ ಅದು ಆ ನಗುವಿಗಿಂತ ಅಸಹ್ಯವಾಗಿ ಕಂಡಿತು.

ಅತ್ತಿಗೆ ತಲೆ ತಗ್ಗಿಸಿದಳು. ಹಿಂದೆ ಈ ಟ್ರೈನು ಓಡುತ್ತಿದ್ದಾಗ ಅವಳು ಆಚೆ ತುದಿಯ ಶಾಲೆಯಲ್ಲಿ ಟೀಚರ್. ನಾನು ಅಲ್ಲೇ ಲ್ಯಾಬ್ ಕೋರ್ಸ್ ಓದುತ್ತಿದ್ದೆ. ಆಗಲೂ ಟಾಯ್ಲೆಟ್ಟಿಗೆ ಬೀಗವೇ. ಬೆಳಿಗ್ಗೆ ಎದ್ದಾಗಿನಿಂದ ನಾವು ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಆ ಡಬ್ಬಿಯ ಹೆಂಗಸರೆಲ್ಲರದೂ ಅದೇ ಪಾಡು. ಕೊನೆಗೆ ಅತ್ತಿಗೆಯ ಕಿಡ್ನಿಗೆ ಸೋಂಕು ತಗುಲಿ ಕೆಲಸವೇ ಬಿಡಬೇಕಾಯಿತು. ಅವಳ ಸ್ಯಾಂಪಲ್ ಪರೀಕ್ಷೆ ಮಾಡಿದವಳು ನಾನೇ.

"ಸಾಹೇಬ್ರೇ," ಎಂದು ಇವನ ಕಡೆ ತಿರುಗಿದೆ. "ಟ್ರಯಲ್ ಓಡಿಸ್ತೀರಲ್ಲ, ಆವತ್ತು ನನ್ನ ಜೊತೆ ಕೂತ್ಕೊಳ್ಳಿ. ನಾನು ಕೊಟ್ಟಷ್ಟು ನೀರು ಕುಡೀರಿ. ಆಮೇಲೆ ಬೀಗದ ಮಾತಾಡಿ."

ಅವನು ನನ್ನನ್ನು ನೆಟ್ಟಗೆ ನೋಡಿದ. ದೊಡ್ಡ ಕಣ್ಣುಗಳು, ಮೀಸೆಯಲ್ಲಿ ಬಿಸ್ಕತ್ತಿನ ಪುಡಿ. "ಆಯ್ತು," ಎಂದ.

ಟ್ರಯಲ್ ದಿನ ಡಬ್ಬಿಯೊಳಗೆ ಇಲಿ ಸತ್ತ ವಾಸನೆ. ಸೀಟಿನ ರೆಕ್ಸಿನ್ ಹರಿದು ಹಳದಿ ಸ್ಪಂಜು ಇಣುಕುತ್ತಿತ್ತು. ನಾನು ಕರ್ಚೀಫು ಹಾಸಿ ಕೂತೆ. ಅವನು ಹಾಗೇ ಕೂತ. ಎದುರಿಗೆ ಅತ್ತಿಗೆ, ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದವಳ ಹಾಗೆ ಇಬ್ಬರನ್ನೂ ಅಳೆಯುತ್ತಿದ್ದಳು.

ದೊಡ್ಡ ಬಾಟಲಿ ಅವನ ಮುಂದಿಟ್ಟೆ.

"ಇಷ್ಟೂನಾ?"

"ಇಷ್ಟೂ."

ಗಟಗಟ ಕುಡಿದ. ಗಲ್ಲದಿಂದ ಇಳಿದ ನೀರು ಅವನ ಕುತ್ತಿಗೆಯ ಮೇಲೆ ಹರಿದು ಕಾಲರಿನೊಳಗೆ ಮಾಯವಾಯಿತು. ನಾನು ಅದನ್ನೇ ನೋಡುತ್ತಿದ್ದೆ. ನಾನು ನೋಡುತ್ತಿರುವುದನ್ನು ಅತ್ತಿಗೆ ನೋಡಿದಳು. ಆಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ನೀವು ಕುಡಿಯಲ್ವಾ?" ಎಂದು ಬಾಟಲಿ ಕೆಳಗಿಟ್ಟ.

"ಟ್ರೈನಲ್ಲಿ ನಾನು ನೀರು ಕುಡಿಯಲ್ಲ."

"ಬಾಯಾರಿದ್ರೂ?"

"ಪ್ರಾಣ ಹೋದ್ರೂ."

ಅರ್ಧ ದಾರಿ ಕಳೆಯುವಷ್ಟರಲ್ಲಿ ಅವನು ಕಾಲ ಮೇಲೆ ಕಾಲು ಹಾಕಿದ. ಇಳಿಸಿದ. ಮತ್ತೆ ಹಾಕಿದ.

"ಕಿಟಕಿಯಾಚೆ ಅಷ್ಟೊಂದು ಏನ್ ನೋಡ್ತಿದೀರಿ?" ಎಂದು ಕೇಳಿದೆ.

"ಮರ."

"ಚೆನ್ನಾಗಿದೆಯಾ?"

"ಹಿಂದೆ ನಿಂತ್ಕೊಳ್ಳೋವಷ್ಟು ದಪ್ಪದ್ದು ಒಂದೂ ಇಲ್ಲ."

ತುಟಿ ಕಚ್ಚಿ ನಗು ತಡೆದೆ. ಅಷ್ಟರಲ್ಲಿ ಒಂದು ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. "ಅಗೋ, ಬೇಲಿ ಇದೆ. ಇಳೀರಿ," ಎಂದೆ. "ಗಂಡಸ್ರಿಗೆ ಬೇಲಿ, ಗೋಡೆ, ಕಂಬ, ಎಲ್ಲಾ ನಡೆಯುತ್ತೆ."

ಅವನು ದಡಬಡ ಎದ್ದು ಬಾಗಿಲಿಗೆ ಹೋದ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ಹಿಂದಿರುಗಿ ಕೇಳಿದ: "ನೀವೆಲ್ಲ ಇಲ್ಲಿ ಎಲ್ಲಿಗೆ ಹೋಗ್ತಿದ್ರಿ?"

"ಹೋಗ್ತಿರ್ಲಿಲ್ಲ," ಎಂದಳು ಅತ್ತಿಗೆ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಅವನು ಒಮ್ಮೆ ಬೇಲಿಯ ಕಡೆ ನೋಡಿದ. ಆಮೇಲೆ ಕಾಲು ಒಳಗೆಳೆದುಕೊಂಡು ಬಂದು ಅದೇ ಹರಿದ ಸೀಟಿನಲ್ಲಿ ಮಂಡಿಗೆ ಮಂಡಿ ಒತ್ತಿ ಕೂತ. ಹಣೆಯ ಮೇಲೆ ಬೆವರು ಸಾಲಿಟ್ಟಿತ್ತು. "ಇದು ನನ್ನ ತಲೆಗೇ ಬಂದಿರ್ಲಿಲ್ಲ," ಎಂದ.

ಜನ ತಪ್ಪು ಒಪ್ಪಿಕೊಳ್ಳುವಾಗ ಹಿಂದೆಯೇ ಒಂದು 'ಆದರೆ' ಅಂಟಿಸುತ್ತಾರೆ. ನಾನು ಅದಕ್ಕಾಗಿ ಕಾದೆ. ಬರಲಿಲ್ಲ. ಕೊನೆಯ ಸ್ಟೇಷನ್ ಬಂದಾಗ ಗಾಡಿ ಪೂರ್ತಿ ನಿಲ್ಲುವ ಮೊದಲೇ ಧುಮುಕಿ ಓಡಿದ. ಅತ್ತಿಗೆ ಬಿದ್ದು ಬಿದ್ದು ನಕ್ಕಳು. ಓಡುವ ಆ ಬೆನ್ನು ನೋಡುತ್ತಾ ನನಗೆ ಈ ಮನುಷ್ಯ ಬೇಕು ಅನ್ನಿಸಿತು. ಸತ್ತ ಇಲಿಯ ವಾಸನೆಯಲ್ಲಿ ಯಾರಿಗಾದರೂ ಹಾಗೆ ಅನ್ನಿಸುತ್ತದೆಯೇ? ಛೀ!

ಕೆಲವು ದಿನಗಳ ಮೇಲೆ ಅವನು ಲ್ಯಾಬಿಗೆ ಬಂದ. ಮುಖ ಬಾಡಿತ್ತು.

"ಬೀಗ ತೆಗೆದ್ರೆ ಎರಡೇ ಟ್ರಿಪ್, ಮಧ್ಯಾಹ್ನದ್ದು ಹೋಗುತ್ತೆ. ದೊಡ್ಡ ಸಾಹೇಬ್ರು ಮೂರು ಅಂತ ಆಗ್ಲೇ ಊರೆಲ್ಲ ಹೇಳ್ಕೊಂಡು ಬಂದಿದಾರೆ. ಎರಡಾದ್ರೆ ಟ್ರೈನೇ ಬೇಡ ಅಂತಿದಾರೆ. ಹಾಗಾದ್ರೆ ಜನ ನಿಮ್ಮನ್ನೇ ಬೈತಾರೆ."

"ಆಗ್ಲೇ ಬೈತಿದಾರೆ." ಬೀದಿಯಲ್ಲಿ ನನಗೆ 'ಮೂತ್ರದ ಮೇಡಂ' ಎಂದು ಹೆಸರು ಬಿದ್ದಿತ್ತು. ಟ್ರೈನು ಬರದೇ ಹೋದರೆ ಅದು ಜನ್ಮಕ್ಕಂಟುವುದು ಖಂಡಿತ. ಅಷ್ಟರಲ್ಲಿ ಅವನು ಮೇಜಿನ ಮೇಲೆ ಮೊಣಕೈ ಊರಿದ. "ಕೈ ತೆಗೀರಿ! ಅಲ್ಲಿ ಸ್ಯಾಂಪಲ್ ಚೆಲ್ಲಿತ್ತು."

"ಒರೆಸಿದೀರಲ್ಲ?"

"ಒರೆಸಿದೀನಿ."

"ನೀವು ಒರೆಸಿದೀರಿ ಅಂದ್ಮೇಲೆ ಮುಗೀತು." ಕೈ ತೆಗೆಯಲಿಲ್ಲ. "ಒಂದು ಮಾತು ಕೇಳ್ಲಾ? ನಾನು ಅಂದ್ರೆ ನಿಮಗೆ ಯಾಕಿಷ್ಟು ಹೇಸಿಗೆ?"

"ಬೆರಳು ನೆಕ್ಕಿ ಹಾಳೆ ತಿರುವ್ತೀರಿ. ಬಿಸ್ಕತ್ತನ್ನ ಪೆನ್ನಲ್ಲಿ ಎತ್ತಿ ತಿಂತೀರಿ. ಮೀಸೆ ಒರೆಸಿಕೊಳ್ಳಲ್ಲ."

"ಇಷ್ಟೆಲ್ಲ ನೋಡಿದೀರಾ?"

ಕಣ್ಣನ್ನು ಮೈಕ್ರೋಸ್ಕೋಪಿಗೆ ಒತ್ತಿಕೊಂಡೆ. ಅದರಲ್ಲಿ ಸ್ಲೈಡೇ ಇರಲಿಲ್ಲ.

ಕೊನೆಯ ಸಭೆಗೆ ಅತ್ತಿಗೆ ಹೆಂಗಸರನ್ನು ಕರೆತಂದಿದ್ದಳು. ಟೀಚರುಗಳು, ನರ್ಸುಗಳು, ಅಂಗಡಿಗಳಲ್ಲಿ ದುಡಿಯುವವರು. ಎಲ್ಲರ ಮಡಿಲಲ್ಲೂ ಒಂದೊಂದು ನೀರಿನ ಬಾಟಲಿ. ಅವನು ಎದ್ದು ನಿಂತು ಬೆರಳನ್ನು ಬಾಯಿಯ ಹತ್ತಿರ ಒಯ್ದ. ನನ್ನನ್ನು ನೋಡಿ ಇಳಿಸಿದ.

"ಮೂರು ಟ್ರಿಪ್ಪಿನ ಲೆಕ್ಕ ಮಾಡಿದ್ದು ನಾನೇ. ಅದು ತಪ್ಪು. ಬೀಗ ಹಾಕಿದ ಗಾಡಿಗೆ ನಾನು ಸಹಿ ಹಾಕಲ್ಲ."

"ನೀನಲ್ದಿದ್ರೆ ಇನ್ನೊಬ್ಬ ಹಾಕ್ತಾನೆ," ಎಂದರು ದೊಡ್ಡ ಸಾಹೇಬರು.

"ಹಾಕ್ಲಿ ಸಾರ್. ಮೊದ್ಲು ಅವನೂ ನೀರು ಕುಡೀಲಿ. ನೀವೂ ಕುಡೀರಿ." ಅತ್ತಿಗೆಯ ಬಾಟಲಿ ತೆಗೆದು ಅವರ ಮುಂದಿಟ್ಟ. "ಎರಡು ಗಂಟೆ ಇಲ್ಲೇ ಕೂತಿರೋಣ."

ಸಾಹೇಬರು ಬಾಟಲಿಯನ್ನೇ ನೋಡಿದರು. ಮುಟ್ಟಲಿಲ್ಲ. ಈ ಸಲ ಮೊದಲು ನಕ್ಕವಳು ಅತ್ತಿಗೆ. ಅವಳ ಹಿಂದೆ ಇಡೀ ರೂಮು ನಕ್ಕಿತು. "ಥೂ, ಎರಡೇ ಅಂತ ಬರ್ಕೊಳ್ರಯ್ಯ," ಎಂದು ಮೋರೆ ಸಿಂಡರಿಸಿಕೊಂಡು ಅವರು ಎದ್ದುಹೋದರು. ಆ ಸಿಟ್ಟನ್ನು ಅವನ ಮೇಲೆ ತೀರಿಸಿಕೊಂಡರು. ಗಾಡಿಗೆ ನೀರು ತುಂಬಿಸುವುದನ್ನು ನೋಡಿಕೊಳ್ಳಲು ಅವನನ್ನು ಆಚೆ ತುದಿಯ ಸ್ಟೇಷನ್ನಿಗೇ ಎತ್ತಿ ಹಾಕಿದರು.

ಟ್ರೈನು ಮತ್ತೆ ಹೊರಟ ಮೊದಲ ದಿನವೇ ಅವನೂ ಅದರಲ್ಲಿ ಹೊರಟ. ಅತ್ತಿಗೆ ಹಳೆಯ ಶಾಲೆಯಲ್ಲಿ ಮತ್ತೆ ಕೆಲಸ ಕೇಳಲು, ನಾನು ಅವಳಿಗೆ ಜೊತೆಯಾಗಿ. ಹತ್ತಿದವಳೇ ಟಾಯ್ಲೆಟ್ ನೋಡಿ ಬಂದೆ.

"ಹೇಗಿದೆ?" ಎಂದ.

"ಅಸಹ್ಯ. ಯಾರೋ ಆಗ್ಲೇ ಗೋಡೆ ಮೇಲೆ ಉಗುಳಿದಾರೆ."

"ನೀರು?"

"ಬರ್ತಿದೆ."

ಗಾಡಿ ಕದಲಿತು. ಅವನು ತನ್ನ ಬಾಟಲಿ ತೆಗೆದು ಕಚ್ಚಿ ಕುಡಿದ. ಆಮೇಲೆ ಕಿಟಕಿ ನೋಡುತ್ತಾ ಹೇಳಿದ, "ಅಲ್ಲಿ ನನಗೆ ಛೀ ಅನ್ನೋರು ಯಾರೂ ಇಲ್ಲ. ರಜಾ ಇದ್ದಾಗ ನೀವು ಬರ್ತೀರಾ? ಛೀ ಅನ್ನೋಕೇ ಅಂತಲ್ಲ... ಹೂಂ, ಅದಕ್ಕೇ. ನೀವು ಅಂದ್ರೆ ನನಗೆ ಇಷ್ಟ."

ನಾನು ಕೈ ಚಾಚಿದೆ. "ಬಾಟಲಿ ಕೊಡಿ."

ಅವನು ಗಾಬರಿಯಿಂದ ಅದರ ಬಾಯಿಯನ್ನು ಅಂಗಿಯ ತುದಿಯಿಂದ ಒರೆಸಲು ಹೋದ.

"ಒರೆಸ್ಬೇಡಿ," ಎಂದೆ.

"ಅಯ್ಯೋ, ಎಂಜಲು ಕಣೇ!" ಎಂದಳು ಅತ್ತಿಗೆ.

"ಗೊತ್ತು ಅತ್ತಿಗೆ."

ಮುಂದೆ ಎರಡು ಗಂಟೆಯ ದಾರಿ ಇತ್ತು. ನಾನು ಬಾಟಲಿ ಎತ್ತಿ, ತುಟಿಗೆ ತಾಗಿಸಿ, ಕೊನೆಯ ಹನಿಯವರೆಗೂ ಕುಡಿದೆ.